ಕೆಟ್ಟ ಅಕ್ಷರ ಹುಡುಕುವ ಕಿಣ್ವಗಳು

ಬ್ರಿಟನ್ನಿನ ಒಂದು ಕುಟುಂಬದಲ್ಲಿ ಒಡಹುಟ್ಟಿದ ಮೂವರಿಗೆ ದೊಡ್ಡಕರುಳಿನ ಒಳಗೋಡೆಯ ತುಂಬ ಪಾಲಿಪ್‌ಗಳು ಎದ್ದಿದ್ದವು. ಪಾಲಿಪ್ ಎಂದರೆ ಕರುಳಿನ ಒಳಪದರದಲ್ಲಿ ಮೂಡುವ ಸಣ್ಣ ಗಂಟು. ಬಿಟ್ಟರೆ ಕೆಲವು ಕ್ಯಾನ್ಸರಿಗೆ ತಿರುಗುತ್ತವೆ. ಮನೆತನದಲ್ಲಿ ಹೀಗೆ ಕಾಣಿಸಿಕೊಂಡಾಗ ವೈದ್ಯರು ಮೊದಲು ಅನುಮಾನಿಸುವುದು ಎಪಿಸಿ ಎಂಬ ಜೀನನ್ನು. ಆದರೆ ಈ ಮೂವರು ಹುಟ್ಟಿನಿಂದ ಪಡೆದ ಎಪಿಸಿ ಜೀನ್ ನೆಟ್ಟಗೇ ಇತ್ತು. ಕಾರ್ಡಿಫ್‌ನ ಸಂಶೋಧಕರು ಅವರ 11 ಗಡ್ಡೆಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಗಡ್ಡೆಗಳ ಒಳಗೆ ಮಾತ್ರ ಅದೇ ಎಪಿಸಿ ಜೀನ್ 18 ಕಡೆ ಕೆಟ್ಟಿರುವುದು ಗೊತ್ತಾಯಿತು. ಆ 18ರಲ್ಲಿ 15 ತಪ್ಪುಗಳು ಒಂದೇ ಬಗೆಯವು: ಜಿ ಎಂಬ ಅಕ್ಷರ ಇರಬೇಕಾದ ಕಡೆ ಟಿ ಬಂದು ಕೂತಿತ್ತು.

ಡಿಎನ್‌ಎ ಬರಹಕ್ಕೆ ಇರುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಎರಡು ಎಳೆಗಳು ಹೆಣೆದುಕೊಂಡಿರುವಾಗ ಎ ಎದುರಿಗೆ ಟಿ, ಜಿ ಎದುರಿಗೆ ಸಿ ಇರಬೇಕು. ಅಕ್ಷರಗಳು ಸುಮ್ಮನೆ ಅಲ್ಲಲ್ಲಿ ತಪ್ಪಿದ್ದರೆ ತಪ್ಪುಗಳೂ ಹಲವು ಬಗೆಯಾಗಿರುತ್ತಿದ್ದವು. ಹೆಚ್ಚುಕಡಿಮೆ ಎಲ್ಲವೂ ಒಂದೇ ಬಗೆ ಎಂದರೆ ಹಿಂದೆ ಒಂದೇ ಕಾರಣ ಇರಬೇಕು. ಆ ಕಾರಣವನ್ನು ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುವವರು ಹತ್ತು ವರ್ಷ ಮೊದಲೇ ಬಲ್ಲವರಾಗಿದ್ದರು. ಆಮ್ಲಜನಕದಿಂದ ಕೆಟ್ಟ ಜಿ ಅಕ್ಷರವನ್ನು ಸರಿಪಡಿಸುವ ಶಕ್ತಿ ಕಳೆದುಕೊಂಡ ಬ್ಯಾಕ್ಟೀರಿಯಾಗಳಲ್ಲಿ ಇದೇ ತಪ್ಪು, ಜಿ ಹೋಗಿ ಟಿ ಆಗುವುದು, ರಾಶಿ ರಾಶಿಯಾಗಿ ಕಾಣುತ್ತಿತ್ತು. ಕಾರ್ಡಿಫ್ ತಂಡ ಆ ಬ್ಯಾಕ್ಟೀರಿಯಾ ಜೀನಿನ ಮಾನವ ರೂಪವನ್ನು ಈ ಕುಟುಂಬದಲ್ಲಿ ಓದಿ ನೋಡಿತು. ಮೂವರಲ್ಲೂ ಅದರ ಎರಡು ಪ್ರತಿಗಳೂ ಕೆಟ್ಟಿದ್ದವು. 2002ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಡಿಎನ್‌ಎಯ ಒಂದೊಂದೇ ಅಕ್ಷರವನ್ನು ತೆಗೆದು ಸರಿಮಾಡುವ ವ್ಯವಸ್ಥೆ ಹುಟ್ಟಿನಿಂದಲೇ ಕೆಟ್ಟಿದ್ದರೆ ಮನುಷ್ಯನಿಗೆ ಕಾಯಿಲೆ ಬರುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ಸಾಕ್ಷಿ ಅದು.

ಈ ಆಮ್ಲಜನಕದ ಏಟು ಎಲ್ಲಿಂದ ಬರುತ್ತದೆ? ಹೊರಗಿನಿಂದಲೂ ಬರಬಹುದು; ವಿಕಿರಣ, ಹೊಗೆ, ಕೆಲವು ರಾಸಾಯನಿಕಗಳು ಅದನ್ನು ಹೆಚ್ಚಿಸುತ್ತವೆ. ಆದರೆ ದೊಡ್ಡ ಪಾಲು ನಮ್ಮೊಳಗೇ ಹುಟ್ಟುತ್ತದೆ. ಜೀವಕೋಶದ ಮೈಟೊಕಾಂಡ್ರಿಯಗಳಲ್ಲಿ ಆಹಾರದಿಂದ ಶಕ್ತಿ ತೆಗೆಯುವಾಗ ಎಲೆಕ್ಟ್ರಾನುಗಳು ಸಾಲಾಗಿ ಕೈಬದಲಾಯಿಸುತ್ತಾ ಕೊನೆಗೆ ಆಮ್ಲಜನಕವನ್ನು ಸೇರಬೇಕು, ನೀರಾಗಬೇಕು. ಕೆಲವು ನಡುದಾರಿಯಲ್ಲಿ ಸೋರಿ ಆಮ್ಲಜನಕಕ್ಕೆ ಅಂಟಿಕೊಂಡು ಸೂಪರ್‌ಆಕ್ಸೈಡ್ ಆಗುತ್ತವೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದನ್ನು ಒಡೆಯುವುದಕ್ಕೆ ಕೆಟಲೇಸ್‌ನಂಥ ಕಿಣ್ವಗಳಿವೆ ನಿಜ. ಆದರೆ ತಪ್ಪಿಸಿಕೊಂಡ ಪೆರಾಕ್ಸೈಡಿಗೆ ಬಿಡಿ ಕಬ್ಬಿಣದ ಅಯಾನು ಸಿಕ್ಕಿತೆಂದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಇದನ್ನು ಒಡೆಯುವ ಕಿಣ್ವ ಯಾವುದೂ ಇಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ: ಹುಟ್ಟಿದ ಕ್ಷಣದಲ್ಲೇ ಅದು ಪಕ್ಕದಲ್ಲಿ ಏನಿದೆಯೋ ಅದರ ಮೇಲೆ ಬೀಳುತ್ತದೆ. ಪಕ್ಕದಲ್ಲಿ ಡಿಎನ್‌ಎ ಇದ್ದರೆ ಡಿಎನ್‌ಎಯೇ ಕೆಡುತ್ತದೆ. ನಾಲ್ಕು ಅಕ್ಷರಗಳಲ್ಲಿ ಅತಿ ಸುಲಭವಾಗಿ ಎಲೆಕ್ಟ್ರಾನ್ ಕಳೆದುಕೊಳ್ಳುವುದು ಜಿ, ಅಂದರೆ ಗ್ವಾನೀನ್. ಹಾಗಾಗಿ ಹೆಚ್ಚು ನೋಯುವುದೂ ಅದೇ.

ಹೀಗೆ ಕೆಟ್ಟ ಗ್ವಾನೀನನ್ನು ಗುರುತಿಸಿದವರು ಟೋಕಿಯೊದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ಹಿರೋಶಿ ಕಸಾಯಿ ಮತ್ತು ಸುಸುಮು ನಿಶಿಮುರ. ಅವರು ಹುಡುಕುತ್ತಿದ್ದದ್ದು ಬೇರೆಯೇ. ಸುಟ್ಟ, ಹುರಿದ ಆಹಾರದಲ್ಲಿ ಡಿಎನ್‌ಎಯನ್ನು ಕೆಡಿಸುವ ವಸ್ತು ಏನಿದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಕಾಯಿಸಿದ ಗ್ಲೂಕೋಸ್ ಜೊತೆ ಪ್ರಯೋಗ ಮಾಡುತ್ತಿದ್ದಾಗ ಗ್ವಾನೀನಿನ ಎಂಟನೆಯ ಸ್ಥಾನಕ್ಕೆ ಒಂದು ಆಮ್ಲಜನಕದ ಪರಮಾಣು ಹೆಚ್ಚಾಗಿ ಅಂಟಿಕೊಂಡ ರೂಪ ಅವರಿಗೆ ಸಿಕ್ಕಿತು. 1984ರಲ್ಲಿ ವರದಿಯಾದ ಆ ವಸ್ತುವಿಗೆ ಈಗ 8-ಆಕ್ಸೋಗ್ವಾನೀನ್ ಎನ್ನುತ್ತಾರೆ. ಪ್ರಯೋಗನಳಿಕೆಯಲ್ಲಿ ಅದನ್ನು ಉಂಟುಮಾಡಲು ಅವರು ಬಳಸಿದ ವಸ್ತುಗಳಲ್ಲಿ ಒಂದು ಆಸ್ಕಾರ್ಬಿಕ್ ಆಮ್ಲ, ನಾವೆಲ್ಲ ವಿಟಮಿನ್ ಸಿ ಎಂದು ನುಂಗುವ ಅದೇ ವಸ್ತು. ಈ ಸಂಗತಿ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

8-ಆಕ್ಸೋಗ್ವಾನೀನಿನ ಅಪಾಯ ಇರುವುದು ಅದರ ಸೌಮ್ಯತೆಯಲ್ಲಿ. ಅದು ಡಿಎನ್‌ಎಯನ್ನು ತುಂಡರಿಸುವುದಿಲ್ಲ, ಡೊಂಕು ಮಾಡುವುದಿಲ್ಲ, ನಕಲು ತೆಗೆಯುವ ಯಂತ್ರವನ್ನು ಅಡ್ಡಗಟ್ಟುವುದೂ ಅಪರೂಪ. ನೆಟ್ಟಗೆ ನಿಂತಾಗ ಸಭ್ಯವಾಗಿ ಸಿ ಜೊತೆಗೇ ಜೋಡಿಯಾಗುತ್ತದೆ. ಆದರೆ ಹೆಚ್ಚುವರಿ ಆಮ್ಲಜನಕದ ಒತ್ತಡಕ್ಕೆ ಅದು ತನ್ನ ಕೀಲಿನ ಸುತ್ತ ಹೊರಳಿದರೆ ಅದರ ಮತ್ತೊಂದು ಅಂಚು ಎದುರಿಗೆ ಬರುತ್ತದೆ. ಆ ಅಂಚು ಎ ಜೊತೆ ಸೊಗಸಾಗಿ ಹೊಂದಿಕೊಳ್ಳುತ್ತದೆ. ನಕಲು ಮಾಡುವ ಕಿಣ್ವ ಮೋಸಹೋಗಿ ಸಿ ಬದಲು ಎ ಇಡುತ್ತದೆ. ಮುಂದಿನ ಸುತ್ತಿನಲ್ಲಿ ಆ ಎ ಎದುರಿಗೆ ನಿಯಮದಂತೆ ಟಿ ಬರುತ್ತದೆ. ಜಿ ಇದ್ದ ಜಾಗ ಟಿ ಆಯಿತು. ಇನ್ನು ಅದನ್ನು ತಪ್ಪು ಎಂದು ಹೇಳುವುದಕ್ಕೆ ಯಾವ ಗುರುತೂ ಉಳಿದಿರುವುದಿಲ್ಲ, ಎರಡೂ ಎಳೆ ಪರಸ್ಪರ ಒಪ್ಪುತ್ತವೆ.

ಹಾಗಾಗಿ ಎರಡನೆಯ ಸುತ್ತಿಗೆ ಮೊದಲೇ ಹಿಡಿಯಬೇಕು. 1992ರಲ್ಲಿ ಅಮೆರಿಕದ ಜೆಫ್ರಿ ಮಿಲ್ಲರ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದಲ್ಲಿ ಈ ಕೆಲಸಕ್ಕೆ ಮೂರು ಕಿಣ್ವಗಳು ಹಂತಹಂತವಾಗಿ ನಿಂತಿವೆ ಎಂದು ವಿವರಿಸಿದರು. ಅದೇ ಮೂರು ಕೆಲಸಗಳಿಗೆ ನಮ್ಮಲ್ಲೂ ಕಿಣ್ವಗಳಿವೆ. ಎಂಟಿಎಚ್1 ಎಂಬುದು ಡಿಎನ್‌ಎ ಕಟ್ಟಲು ತಯಾರಾಗಿ ತೇಲಾಡುತ್ತಿರುವ ಬಿಡಿ ಅಕ್ಷರಗಳ ದಾಸ್ತಾನಿನಲ್ಲಿ ಕೆಟ್ಟ ಜಿ ಕಂಡರೆ ಅದರ ಫಾಸ್ಫೇಟುಗಳನ್ನು ಕತ್ತರಿಸಿ ಬಳಕೆಗೆ ಬಾರದಂತೆ ಮಾಡುತ್ತದೆ. ಒಜಿಜಿ1 ಎಂಬುದು ಡಿಎನ್‌ಎ ಒಳಗೆ ಸಿ ಎದುರಿಗೆ ಕೂತಿರುವ ಕೆಟ್ಟ ಜಿಯನ್ನು ಕಿತ್ತು ತೆಗೆಯುತ್ತದೆ. ಇವೆರಡನ್ನೂ ದಾಟಿ ನಕಲು ಆಗಿಹೋಗಿ, ಕೆಟ್ಟ ಜಿ ಎದುರಿಗೆ ಎ ಬಂದಿದ್ದರೆ ಎಂಯುಟಿವೈಎಚ್ ಬರುತ್ತದೆ. ಇದರ ವಿವೇಕ ನನ್ನನ್ನು ಬೆರಗಾಗಿಸುತ್ತದೆ. ಅದು ಕೆಟ್ಟ ಜಿಯನ್ನು ಮುಟ್ಟುವುದಿಲ್ಲ. ಎದುರಿಗಿರುವ, ಯಾವ ಏಟೂ ತಿನ್ನದ ಎಯನ್ನು ತೆಗೆದುಹಾಕುತ್ತದೆ. ಯಾಕೆಂದರೆ ಆ ಹೊತ್ತಿಗೆ ಜಿಯನ್ನು ತೆಗೆದರೆ ರಿಪೇರಿ ಕಿಣ್ವಗಳು ಎಯನ್ನು ನೋಡಿಕೊಂಡು ಟಿ ಬರೆದುಬಿಡುತ್ತವೆ, ತಪ್ಪು ಖಾಯಂ ಆಗುತ್ತದೆ. ಒಜಿಜಿ1 ಕೂಡ ಎ ಎದುರಿಗಿರುವ ಕೆಟ್ಟ ಜಿಯನ್ನು ತೆಗೆಯಲು ಹಿಂಜರಿಯುವುದು ಇದೇ ಕಾರಣಕ್ಕೆ. ಎ ಹೋಗಿ ಸಿ ಬಂದ ಮೇಲೆ ಮತ್ತೆ ಒಜಿಜಿ1ರ ಸರದಿ. ಕಾರ್ಡಿಫ್ ತಂಡ ಪರೀಕ್ಷಿಸಿದ ಕುಟುಂಬದಲ್ಲಿ ಕೆಟ್ಟಿದ್ದದ್ದು ಎಂಯುಟಿವೈಎಚ್.

ಮೊದಲನೆಯ ಕಿಣ್ವದ ಕಥೆಗೆ ಬೆಂಗಳೂರಿನ ನಂಟೂ ಇದೆ. ಕ್ಷಯದ ಬ್ಯಾಕ್ಟೀರಿಯಾ ನಮ್ಮ ರಕ್ಷಣಾಕೋಶಗಳ ಒಳಗೆ ಅಡಗಿ ಬದುಕುತ್ತದೆ. ಆ ಕೋಶಗಳು ಅದನ್ನು ಕೊಲ್ಲಲು ಎರಚುವುದು ಇದೇ ಆಮ್ಲಜನಕದ ಉಗ್ರ ರೂಪಗಳನ್ನು. ಭಾರತೀಯ ವಿಜ್ಞಾನ ಸಂಸ್ಥೆಯ ಉಮೇಶ್ ವಾರ್ಷ್ನೇಯ ಅವರ ಪ್ರಯೋಗಾಲಯ, ಕ್ಷಯದ ಬ್ಯಾಕ್ಟೀರಿಯಾ ತನ್ನ ಕೆಟ್ಟ ಬಿಡಿ ಅಕ್ಷರಗಳನ್ನು ಎರಡು ಹಂತಗಳಲ್ಲಿ ಹೇಗೆ ನಿರ್ವಿಷ ಮಾಡಿಕೊಳ್ಳುತ್ತದೆ ಎಂದು 2013ರಲ್ಲಿ ತೋರಿಸಿತು. ಅಲ್ಲಿಯೇ ಎಂ. ವಿಜಯನ್ ಅವರ ತಂಡದೊಡನೆ ಸೇರಿ ಅದೇ ಬಳಗದ ಕಿಣ್ವದ ಸ್ಫಟಿಕ ರಚನೆಯನ್ನೂ ಬಿಡಿಸಿದರು. ನಮ್ಮನ್ನು ಕಾಯುವ ಉಪಾಯವೇ ನಮ್ಮ ಶತ್ರುವನ್ನೂ ಕಾಯುತ್ತಿದೆ.

ನನಗೆ ಇಡೀ ವಿಷಯದಲ್ಲಿ ಅತಿ ದೊಡ್ಡದಾಗಿ ಕಾಣುವ ಪ್ರಶ್ನೆ ಹುಡುಕುವುದರದ್ದು. ನಮ್ಮ ಒಂದು ಜೀವಕೋಶದಲ್ಲಿ ಸುಮಾರು 600 ಕೋಟಿ ಅಕ್ಷರಜೋಡಿಗಳಿವೆ, ಅದರಲ್ಲಿ ಗ್ವಾನೀನ್‌ಗಳೇ 240 ಕೋಟಿ. ಕೆಟ್ಟ ಗ್ವಾನೀನಿಗೂ ಒಳ್ಳೆಯ ಗ್ವಾನೀನಿಗೂ ಇರುವ ವ್ಯತ್ಯಾಸ ಎರಡೇ: ಎಂಟನೆಯ ಸ್ಥಾನದಲ್ಲಿ ಒಂದು ಆಮ್ಲಜನಕ, ಏಳನೆಯ ಸ್ಥಾನದಲ್ಲಿ ಒಂದು ಹೈಡ್ರೋಜನ್. ಅಕ್ಕಿಯಲ್ಲಿ ಕರಿಕಲ್ಲು ಆರಿಸುವುದು ಸುಲಭ, ಅಕ್ಕಿಯದೇ ಬಣ್ಣ, ಅಕ್ಕಿಯದೇ ಗಾತ್ರದ ಬಿಳಿಕಲ್ಲು ಆರಿಸುವುದು ಕಷ್ಟ. ಕಣ್ಣಿಲ್ಲದ, 345 ಅಮೈನೋ ಆಮ್ಲಗಳ ಒಂದು ಪ್ರೋಟೀನು ಇದನ್ನು ಹೇಗೆ ಮಾಡುತ್ತದೆ?

ಹಾರ್ವರ್ಡ್‌ನ ಗ್ರೆಗರಿ ವರ್ಡೀನ್ ಪ್ರಯೋಗಾಲಯ 2000ದಲ್ಲಿ ಒಜಿಜಿ1 ಕೆಟ್ಟ ಅಕ್ಷರವನ್ನು ಹಿಡಿದಿರುವ ಭಂಗಿಯನ್ನೇ ಸ್ಫಟಿಕದಲ್ಲಿ ಸೆರೆಹಿಡಿಯಿತು. ಕಿಣ್ವ ಡಿಎನ್‌ಎಯನ್ನು ಬಾಗಿಸಿ, ಅನುಮಾನ ಬಂದ ಅಕ್ಷರವನ್ನು ಏಣಿಯ ಒಳಗಿನಿಂದ ಪೂರ್ತಿ ಹೊರಕ್ಕೆ ತಿರುಗಿಸಿ, ತನ್ನ ಒಡಲಿನ ಕಿರುಗುಳಿಗೆ ಸೇರಿಸಿಕೊಳ್ಳುತ್ತದೆ. ಅಲ್ಲಿ ನಡೆಯುವ ಪರೀಕ್ಷೆ ಅನಿರೀಕ್ಷಿತವಾಗಿತ್ತು. ಅದು ಹೆಚ್ಚುವರಿ ಆಮ್ಲಜನಕವನ್ನು ತಡಕುವುದೇ ಇಲ್ಲ. ಕಿಣ್ವದ 42ನೆಯ ಸ್ಥಾನದ ಗ್ಲೈಸೀನ್ ಏಳನೆಯ ಸ್ಥಾನದ ಹೈಡ್ರೋಜನ್ ಜೊತೆ ಒಂದೇ ಒಂದು ಬಂಧ ಕಟ್ಟುತ್ತದೆ. ಒಳ್ಳೆಯ ಗ್ವಾನೀನಿನಲ್ಲಿ ಆ ಹೈಡ್ರೋಜನ್ ಇಲ್ಲ, ಅಲ್ಲಿ ಬಂಧದ ಬದಲು ವಿಕರ್ಷಣೆ. ಇಷ್ಟೇ ತೀರ್ಪು. 2005ರಲ್ಲಿ ಅದೇ ತಂಡ ಒಳ್ಳೆಯ ಗ್ವಾನೀನನ್ನು ಕಿಣ್ವ ಪರೀಕ್ಷಿಸುತ್ತಿರುವ ಗಳಿಗೆಯನ್ನೂ ಹಿಡಿಯಿತು. ಅದು ಹೊರಕ್ಕೆ ತಿರುಗಿದರೂ ಕಿರುಗುಳಿಯ ಒಳಗೆ ಹೋಗದೆ ಹೊಸ್ತಿಲಲ್ಲೇ ನಿಂತಿತ್ತು.

ಪ್ರತಿ ಅಕ್ಷರದ ಮುಂದೆ ಹೀಗೆ ಕೂತು ವಿಚಾರಿಸಿದರೆ ಕೆಲಸ ಮುಗಿಯುವುದುಂಟೆ? 2006ರಲ್ಲಿ ಹಾರ್ವರ್ಡ್‌ನಲ್ಲೇ ಒಂದೊಂದು ಒಜಿಜಿ1 ಕಣವನ್ನೂ ಬೆಳಕಿನ ಚುಕ್ಕೆಯಾಗಿ ನೋಡಿದಾಗ ಉತ್ತರ ಸಿಕ್ಕಿತು. ಕಿಣ್ವ ಡಿಎನ್‌ಎ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತಿರುತ್ತದೆ. ಒಂದು ಅಕ್ಷರದ ಮೇಲೆ ಅದು ನಿಲ್ಲುವುದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಇಂಧನವಿಲ್ಲ, ಮೋಟಾರಿಲ್ಲ, ಸುತ್ತಲಿನ ನೀರಿನ ಕಣಗಳ ತಳ್ಳಾಟವೇ ಅದರ ಓಟ. ಹುಡುಕಾಟ ಇಷ್ಟು ವೇಗ; ಆದರೆ ಸಿಕ್ಕ ಮೇಲೆ ಕತ್ತರಿಸಿ ಬಿಡುಗಡೆಯಾಗಲು ಪ್ರಯೋಗನಳಿಕೆಯಲ್ಲಿ ಅದಕ್ಕೆ ನಿಮಿಷಗಟ್ಟಲೆ ಬೇಕು. ಓಡುವಾಗ ಅವಸರ, ಕತ್ತರಿಸುವಾಗ ನಿಧಾನ. ತಪ್ಪಾಗಿ ಒಳ್ಳೆಯ ಅಕ್ಷರ ಕತ್ತರಿಸಿದರೆ ಆಗುವ ನಷ್ಟ ನೋಡಿದರೆ ಈ ನಿಧಾನ ತಕ್ಕದ್ದೇ.

ಕೆಟ್ಟ ಅಕ್ಷರ ಹೋದ ಮೇಲಿನ ಕೆಲಸ ಬೇರೆಯವರದು. ಎಪಿಇ1 ಎಂಬ ಕಿಣ್ವ ಖಾಲಿ ಜಾಗದ ಪಕ್ಕದಲ್ಲಿ ಎಳೆಯನ್ನು ಸೀಳುತ್ತದೆ, ಒಜಿಜಿ1 ಜಾಗ ಖಾಲಿ ಮಾಡುವಂತೆಯೂ ನೋಡಿಕೊಳ್ಳುತ್ತದೆ. ಪಾಲಿಮರೇಸ್ ಬೀಟಾ ಎದುರಿನ ಸಿ ನೋಡಿಕೊಂಡು ಹೊಸ ಜಿ ಇಡುತ್ತದೆ. ಲೈಗೇಸ್ ಎಳೆಯನ್ನು ಬೆಸೆಯುತ್ತದೆ. ಎಕ್ಸ್‌ಆರ್‌ಸಿಸಿ1 ಎಂಬ ಪ್ರೋಟೀನು ತಾನೇನನ್ನೂ ಕತ್ತರಿಸುವುದಿಲ್ಲ, ಬೆಸೆಯುವುದಿಲ್ಲ. ಇವರನ್ನೆಲ್ಲ ಒಂದೆಡೆ ಹಿಡಿದು ನಿಲ್ಲಿಸುತ್ತದೆ. ಅದರ ಮಹತ್ವ ತಿಳಿಯುವುದು ಅದು ಕೆಟ್ಟಾಗ. ಆ ಜೀನಿನ ದೋಷವಿರುವವರಲ್ಲಿ ಕಿರುಮೆದುಳು ಕ್ಷೀಣಿಸಿ ನಡಿಗೆ ತತ್ತರಿಸುವ ಕಾಯಿಲೆ 2017ರಲ್ಲಿ ವರದಿಯಾಯಿತು. ನರಕೋಶಗಳು ಆಮ್ಲಜನಕವನ್ನು ಹೆಚ್ಚು ಬಳಸುತ್ತವೆ, ಸತ್ತರೆ ಬಹುಮಟ್ಟಿಗೆ ಬದಲಿ ಹುಟ್ಟುವುದಿಲ್ಲ. ರಿಪೇರಿ ನಿಂತರೆ ಅವು ಬೇಗ ಸೋಲುತ್ತವೆ.

ಈ ದಾರಿಯನ್ನು ಮೊದಲು ಕಂಡವರು ಸ್ವೀಡನ್ನಿನ ತೋಮಾಸ್ ಲಿಂಡಾಲ್. ಡಿಎನ್‌ಎ ಬಂಡೆಯಂತೆ ಗಟ್ಟಿ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅವರು ಅದು ನೀರಿನಲ್ಲಿ, ದೇಹದ ಬಿಸಿಯಲ್ಲಿ ತಾನಾಗಿಯೇ ಕೆಡುತ್ತದೆ ಎಂದು ಅಳೆದು ತೋರಿಸಿದರು. ಹಾಗಿದ್ದೂ ನಾವು ಬದುಕಿದ್ದೇವೆ, ಅಂದಮೇಲೆ ಸರಿಮಾಡುವ ಕಿಣ್ವ ಇರಲೇಬೇಕು ಎಂದು ತರ್ಕಿಸಿದರು. 1974ರಲ್ಲಿ ಬ್ಯಾಕ್ಟೀರಿಯಾದಲ್ಲಿ ಅಂಥ ಮೊದಲ ಕಿಣ್ವವನ್ನು ಪ್ರಕಟಿಸಿದರು. ಮಾನವ ಪ್ರೋಟೀನುಗಳನ್ನೇ ಸೇರಿಸಿ ಪ್ರಯೋಗನಳಿಕೆಯಲ್ಲಿ ಈ ರಿಪೇರಿಯನ್ನು ಮರುಸೃಷ್ಟಿಸಿದ್ದು 1996ರಲ್ಲಿ. 2015ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಪಾಲ್ ಮಾಡ್ರಿಚ್ ಮತ್ತು ಅಜೀಜ್ ಸಂಜಾರ್ ಅವರೊಡನೆ ಹಂಚಿಕೊಂಡರು.

ನಮ್ಮ ಜೀವಕೋಶದಲ್ಲಿ ಯಾವುದೇ ಗಳಿಗೆಯಲ್ಲಿ ಕೆಟ್ಟ ಗ್ವಾನೀನ್‌ಗಳು ಎಷ್ಟಿರುತ್ತವೆ? ಈ ಸರಳ ಪ್ರಶ್ನೆ ವಿಜ್ಞಾನಿಗಳನ್ನು ವರ್ಷಗಟ್ಟಲೆ ಕಾಡಿತು. ಒಂದು ಪ್ರಯೋಗಾಲಯದ ಲೆಕ್ಕಕ್ಕೂ ಇನ್ನೊಂದರ ಲೆಕ್ಕಕ್ಕೂ ನೂರಾರು ಪಟ್ಟು ಅಂತರ ಬರುತ್ತಿತ್ತು. ಜೀವಕೋಶದಿಂದ ಡಿಎನ್‌ಎಯನ್ನು ಹೊರತೆಗೆಯುವಾಗಲೇ ಗಾಳಿ ತಾಗಿ ಒಳ್ಳೆಯ ಗ್ವಾನೀನ್‌ಗಳು ಕೆಡುತ್ತಿದ್ದವು. ಅಳೆಯುವ ಕೈಯೇ ಅಳತೆಯನ್ನು ಉಬ್ಬಿಸುತ್ತಿತ್ತು. 1997ರಿಂದ ಯುರೋಪಿನ ಹಲವು ಪ್ರಯೋಗಾಲಯಗಳು ಒಂದಾಗಿ ಒಂದೇ ಮಾದರಿಗಳನ್ನು ಹಂಚಿಕೊಂಡು ವಿಧಾನಗಳನ್ನು ತಿದ್ದಿದವು. ಕೊನೆಗೆ ನೆಲೆಗೊಂಡ ಅಂದಾಜು: ಆರೋಗ್ಯವಂತರ ಕೋಶದಲ್ಲಿ ಹತ್ತು ಲಕ್ಷ ಗ್ವಾನೀನ್‌ಗಳಿಗೆ ಕೆಲವೇ ಕೆಲವು. ಒಂದು ಕೋಶಕ್ಕೆ ಕೆಲವು ಸಾವಿರ ಎಂದಾಯಿತು. ಏಟು ಬೀಳುವುದೂ ನಿಲ್ಲುವುದಿಲ್ಲ, ತೆಗೆಯುವುದೂ ನಿಲ್ಲುವುದಿಲ್ಲ, ಈ ಸಂಖ್ಯೆ ಅವೆರಡರ ನಡುವಿನ ಬಾಕಿ. ಆದ್ದರಿಂದ ಮೂತ್ರದಲ್ಲೋ ರಕ್ತದಲ್ಲೋ ಈ ವಸ್ತುವನ್ನು ಒಮ್ಮೆ ಅಳೆದು ನಿಮ್ಮ ದೇಹದ ವಯಸ್ಸು ಇಷ್ಟು ಎಂದು ಹೇಳುವವರನ್ನು ನಂಬಬೇಡಿ. ಹೆಚ್ಚು ಹೊರಬಂದಿದೆ ಎಂದರೆ ಹೆಚ್ಚು ಕೆಟ್ಟಿದೆ ಎಂದೂ ಆಗಬಹುದು, ರಿಪೇರಿ ಚೆನ್ನಾಗಿ ನಡೆದಿದೆ ಎಂದೂ ಆಗಬಹುದು.

ರಿಪೇರಿ ಯಾವಾಗಲೂ ಒಳ್ಳೆಯದೇ ಮಾಡುತ್ತದೆ ಎನ್ನುವಂತೆಯೂ ಇಲ್ಲ. ಹಂಟಿಂಗ್ಟನ್ ಕಾಯಿಲೆಯಲ್ಲಿ ಸಿಎಜಿ ಎಂಬ ಮೂರಕ್ಷರ ಮತ್ತೆಮತ್ತೆ ಬರೆದಿರುತ್ತದೆ, ವಯಸ್ಸಾದಂತೆ ಮೆದುಳಿನಲ್ಲಿ ಆ ಸಾಲು ಇನ್ನೂ ಉದ್ದವಾಗುತ್ತದೆ. ಒಜಿಜಿ1 ಅಲ್ಲಿ ಕೆಟ್ಟ ಜಿ ತೆಗೆಯಲು ಹೋಗಿ ಎಳೆ ಸೀಳಿದಾಗ ಜಾರಿಕೆಯಾಗಿ ಸಾಲು ಬೆಳೆಯುತ್ತದೆ ಎಂದು 2007ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು. ಒಜಿಜಿ1 ಇಲ್ಲದ ಇಲಿಗಳಲ್ಲಿ ಆ ಬೆಳವಣಿಗೆ ಕುಗ್ಗಿತ್ತು. ಒಜಿಜಿ1ನ್ನು ತಡೆಯುವ ಒಂದು ರಾಸಾಯನಿಕ ಇಲಿಗಳ ಶ್ವಾಸಕೋಶದ ಉರಿಯೂತವನ್ನು ಇಳಿಸಿತು ಎಂಬ ವರದಿ 2018ರಲ್ಲಿ ಸ್ವೀಡನ್ನಿನ ಒಂದು ತಂಡದಿಂದ ಬಂತು. ಅದೇ ತಂಡ 2022ರಲ್ಲಿ ಒಜಿಜಿ1ರ ಕೆಲಸವನ್ನು ಚುರುಕುಗೊಳಿಸುವ ಇನ್ನೊಂದು ರಾಸಾಯನಿಕವನ್ನೂ ಪ್ರಕಟಿಸಿತು. ಎಂಟಿಎಚ್1ನ್ನು ತಡೆದು ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಹುದು ಎಂದು 2014ರಲ್ಲಿ ಹುಟ್ಟಿದ ದೊಡ್ಡ ಭರವಸೆ ಮಾತ್ರ ಬೇರೆ ತಂಡಗಳ ಪರೀಕ್ಷೆಯಲ್ಲಿ ಮಸುಕಾಯಿತು. ಇವೆಲ್ಲ ಇನ್ನೂ ಪ್ರಯೋಗಾಲಯದ ಮಾತು.

ಅಂಗಡಿಯ ಮಾತೇ ಬೇರೆ. ಆಂಟಿಆಕ್ಸಿಡೆಂಟ್ ಎಂಬ ಪದ ಈಗ ಮಾತ್ರೆ, ಚಹಾ, ಜ್ಯೂಸ್, ಮುಖದ ಕ್ರೀಮು ಎಲ್ಲದರ ಮೇಲಿದೆ. ಆಮ್ಲಜನಕ ಕೆಡಿಸುತ್ತದೆ, ಅದನ್ನು ತಡೆಯುವ ವಸ್ತು ನುಂಗಿದರೆ ಒಳ್ಳೆಯದಾಗುತ್ತದೆ ಎಂಬ ತರ್ಕ ಕೇಳಲು ಚೆನ್ನಾಗಿದೆ. ಅದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷೆಗೂ ಒಡ್ಡಿದ್ದಾರೆ. ಫಿನ್‌ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆದ ಅಧ್ಯಯನ 1994ರಲ್ಲಿ ಪ್ರಕಟವಾದಾಗ, ಬೀಟಾ ಕ್ಯಾರೋಟಿನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಇಂಥದೇ ಪ್ರಯೋಗವನ್ನು 1996ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಇನ್ನೊಂದು ದೊಡ್ಡ ಅಧ್ಯಯನದಲ್ಲಿ ವಿಟಮಿನ್ ಇ ಮಾತ್ರೆ ತಿಂದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಿತ್ತು ಎಂದು 2011ರಲ್ಲಿ ತಿಳಿಯಿತು. ಕಸಾಯಿ ಮತ್ತು ನಿಶಿಮುರ ಅವರ ಪ್ರಯೋಗನಳಿಕೆಯಲ್ಲಿ ವಿಟಮಿನ್ ಸಿ ಮಾಡಿದ ಕೆಲಸವನ್ನು ಇಲ್ಲಿ ನೆನೆಯಬೇಕು: ಅಣುವೊಂದು ರಕ್ಷಿಸುತ್ತದೋ ಕೆಡಿಸುತ್ತದೋ ಎಂಬುದು ಅದರ ಸುತ್ತ ಏನಿದೆ ಎಂಬುದರ ಮೇಲೆ ನಿಂತಿದೆ. ಹಣ್ಣು, ಸೊಪ್ಪು, ತರಕಾರಿ ತಿನ್ನಬೇಡಿ ಎಂದು ಇದರ ಅರ್ಥವಲ್ಲ. ಅವುಗಳ ಸತ್ವವನ್ನು ಮಾತ್ರೆಯಲ್ಲಿ ಹಿಡಿದಿಟ್ಟಿದ್ದೇವೆ ಎಂಬ ಮಾತಿಗೆ ದುಡ್ಡು ಕೊಡಬೇಡಿ ಎಂದಷ್ಟೇ. ಕೋಶ ಏಟನ್ನು ಪೂರ್ತಿ ತಪ್ಪಿಸುವ ಭರವಸೆಯ ಮೇಲೆ ಬದುಕಿಲ್ಲ, ಬಿದ್ದ ಏಟನ್ನು ಹುಡುಕಿ ಸರಿಪಡಿಸುವ ಕೆಲಸದ ಮೇಲೆ ಬದುಕಿದೆ. ಆ ಕೆಲಸವನ್ನು ಹೆಚ್ಚಿಸುತ್ತದೆ ಎಂದು ಮನುಷ್ಯರಲ್ಲಿ ಸಾಬೀತಾಗಿ ಔಷಧಿ ಅಂಗಡಿಗೆ ಬಂದ ಮಾತ್ರೆ ಇವತ್ತಿನವರೆಗೆ ಇಲ್ಲ.

ಕಾರ್ಡಿಫ್‌ನ ಸಂಶೋಧನೆಯಿಂದ ನಮ್ಮ ಮನೆಗಳಿಗೆ ಸಿಗುವ ಪ್ರಯೋಜನ ಮಾತ್ರ ಇವತ್ತೇ ಸಿಗುವಂಥದು. ಎಂಯುಟಿವೈಎಚ್ ದೋಷ ಕಾಯಿಲೆಯಾಗುವುದು ತಂದೆಯಿಂದಲೂ ತಾಯಿಯಿಂದಲೂ ಕೆಟ್ಟ ಪ್ರತಿ ಬಂದಾಗ. ತಂದೆತಾಯಿ ಇಬ್ಬರೂ ಆರೋಗ್ಯವಾಗಿರಬಹುದು, ಅಜ್ಜ-ಅಜ್ಜಿಯರಲ್ಲಿ ಯಾರಿಗೂ ಇಲ್ಲದೆ ಇರಬಹುದು, ಮಕ್ಕಳಲ್ಲಿ ಮಾತ್ರ ಕಾಣಿಸಿಕೊಳ್ಳಬಹುದು. ಒಬ್ಬರಿಗೆ ಇದ್ದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಬ್ರಿಟನ್ನಿನಲ್ಲಿ ಭಾರತೀಯ ಮೂಲದ ಕುಟುಂಬಗಳಲ್ಲೂ ಇದು ಕಂಡುಬಂದಿದೆ, ಯುರೋಪಿಯನ್ನರಲ್ಲಿ ಸಾಮಾನ್ಯವಾದ ಎರಡು ದೋಷಗಳಿಗಿಂತ ಬೇರೆಯದೇ ದೋಷದೊಂದಿಗೆ. ಅಂದರೆ ಯುರೋಪಿಯನ್ನರ ಎರಡನ್ನಷ್ಟೇ ಹುಡುಕುವ ಪರೀಕ್ಷೆ ನಮ್ಮವರಿಗೆ ಸಾಲದು, ಇಡೀ ಜೀನ್ ಓದಬೇಕು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಇರುವ ನಮ್ಮ ನಾಡಿನಲ್ಲಿ ಎರಡೂ ಕೆಟ್ಟ ಪ್ರತಿಗಳು ಒಂದೇ ಮಗುವಿನಲ್ಲಿ ಸೇರುವ ಸಾಧ್ಯತೆ ಹೆಚ್ಚು.

ಆದ್ದರಿಂದ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಐವತ್ತರ ಒಳಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಅಥವಾ ಕೊಲೊನೋಸ್ಕೋಪಿಯಲ್ಲಿ ಹತ್ತಕ್ಕಿಂತ ಹೆಚ್ಚು ಪಾಲಿಪ್ ಕಂಡಿದ್ದರೆ, ಆ ಸುದ್ದಿಯನ್ನು ಒಡಹುಟ್ಟಿದವರಿಂದ ಮುಚ್ಚಿಡಬೇಡಿ. ವೈದ್ಯರ ಹತ್ತಿರ ಎಂಯುಟಿವೈಎಚ್ ಜೀನ್ ಪರೀಕ್ಷೆಯ ಬಗ್ಗೆ ಹೆಸರು ಹಿಡಿದೇ ಕೇಳಿ. ದೋಷ ಇದೆ ಎಂದು ಮೊದಲೇ ಗೊತ್ತಾದವರಿಗೆ ನಿಯಮಿತವಾಗಿ ಕೊಲೊನೋಸ್ಕೋಪಿ ಮಾಡಿ, ಪಾಲಿಪ್‌ಗಳನ್ನು ಕ್ಯಾನ್ಸರ್ ಆಗುವ ಮುನ್ನವೇ ತೆಗೆಯಬಹುದು.